ಪೇಷಂಟ್ ಕಡೆಯವರು ಯಾರು? ಕೊಡಗಿನ ಆಸ್ಪತ್ರೆಗಳಲ್ಲಿ ತೀರ್ಮಾನ ಯಾರ ಕೈಲಿದೆ

2025ರ ಜನವರಿ 30ರಂದು ರಾಜ್ಯ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಗುಣವಾಗುವ ಭರವಸೆ ಇಲ್ಲದೆ, ಯಂತ್ರಗಳ ಬಲದಲ್ಲಿ ಮಾತ್ರ ಜೀವ ಹಿಡಿದುಕೊಂಡಿರುವ ರೋಗಿಗೆ ಆ ಚಿಕಿತ್ಸೆಯನ್ನು ಯಾವಾಗ, ಹೇಗೆ ನಿಲ್ಲಿಸಬಹುದು ಅನ್ನುವುದು ಅದರ ವಿಷಯ. ಸರ್ಕಾರ ದಯಾಮರಣಕ್ಕೆ ಒಪ್ಪಿತಂತೆ ಅನ್ನುವ ಮಾತು ಆಗ ಹರಡಿತ್ತು. ಅದು ತಪ್ಪು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದಕ್ಕೆ ಈ ದೇಶದಲ್ಲಿ ಇವತ್ತಿಗೂ ಅನುಮತಿ ಇಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಹಿಂತೆಗೆದುಕೊಂಡು, ನೋವಿಲ್ಲದಂತೆ ನೋಡಿಕೊಂಡು, ಸಾವು ತಾನಾಗಿ ಬರಲು ಬಿಡುವುದಷ್ಟೇ ಇದರಲ್ಲಿರುವುದು.

ಸುತ್ತೋಲೆ ಆಕಾಶದಿಂದ ಉದುರಿದ್ದಲ್ಲ. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತ್ತು. ಆದರೆ ಆಗ ಹಾಕಿದ ನಿಯಮಗಳು ಎಷ್ಟು ಬಿಗಿಯಾಗಿದ್ದವು ಅಂದರೆ ಯಾರಿಗೂ ಪಾಲಿಸಲು ಆಗುವಂತಿರಲಿಲ್ಲ. 2023ರ ಜನವರಿಯಲ್ಲಿ ಕೋರ್ಟ್ ಅವನ್ನು ಸಡಿಲ ಮಾಡಿತು. ಈಗ ಯಾವ ವಯಸ್ಕರಾದರೂ ‘ನನಗೆ ಹೀಗಾದರೆ ವೆಂಟಿಲೇಟರ್ ಬೇಡ’ ಎಂದು ಮುಂಚೆಯೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ತನಗೆ ಮಾತು ನಿಂತಾಗ ತನ್ನ ಪರ ಹೇಳುವವರ ಹೆಸರನ್ನು ಅದರಲ್ಲಿ ಕಾಣಿಸಬೇಕು. ಮನಸ್ಸು ಬದಲಾದರೆ ಬರೆದದ್ದನ್ನು ಹಿಂಪಡೆಯಬಹುದು. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಒಂದು ಮಂಡಳಿ ರೋಗಿಯ ಸ್ಥಿತಿಯನ್ನು ನೋಡುತ್ತದೆ. ಆಮೇಲೆ ಬೇರೆ ಮೂವರ ಇನ್ನೊಂದು ಮಂಡಳಿ ಅದನ್ನು ಪರಿಶೀಲಿಸುತ್ತದೆ. ಈ ಎರಡನೆಯದರಲ್ಲಿ ಒಬ್ಬರು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದವರು. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಮತ್ತು ಹೀಗೆ ಸೂಚಿಸಲ್ಪಟ್ಟವರು, ಈ ಇಬ್ಬರ ಹೊರತು ಉಳಿದವರೆಲ್ಲ ಆಯಾ ವಿಷಯದಲ್ಲಿ ಕನಿಷ್ಠ 5 ವರ್ಷ ಅನುಭವ ಇರುವ ತಜ್ಞರಾಗಿರಬೇಕು.

ಹೀಗೆ ಲೆಕ್ಕ ಹಾಕಿದರೆ ಒಬ್ಬ ರೋಗಿಗೆ ಆರು ವೈದ್ಯರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಇದು ಕಷ್ಟವಲ್ಲ. ಕೊಡಗಿನಲ್ಲಿ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಬಿಟ್ಟರೆ ಒಂದೇ ಸೂರಿನಡಿ ಇಷ್ಟು ಜನ ಸಿಗುವುದು ಕಷ್ಟವೇ. ಆದರೆ ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ ಅಂತ ನನಗನ್ನಿಸುತ್ತದೆ. ಈ ಇಡೀ ಏರ್ಪಾಡು ರೋಗಿಗೆ ಏನು ಬೇಕಿತ್ತು ಅನ್ನುವ ಪ್ರಶ್ನೆಯ ಮೇಲೆ ನಿಂತಿದೆ. ನಮ್ಮ ಆಸ್ಪತ್ರೆಗಳಲ್ಲಿ ವಾರ್ಡಿನ ಬಾಗಿಲಿಗೆ ಬಂದ ಸಿಸ್ಟರ್ ಕೂಗುವುದು ‘ಪೇಷಂಟ್ ಕಡೆಯವರು ಯಾರು?’ ಎಂದು. ಡಾಕ್ಟರು ಮಾತಾಡುವುದೂ ಅವರ ಜೊತೆಗೇ. ಸಹಿ ಅವರದು, ತೀರ್ಮಾನವೂ ಅವರದು. ಮಂಚದ ಮೇಲೆ ಎಚ್ಚರವಾಗಿ, ಬುದ್ಧಿ ನೆಟ್ಟಗಿದ್ದು ಮಲಗಿರುವವರನ್ನು ಕೇಳುವುದು ಎಲ್ಲರನ್ನೂ ಕೇಳಿದ ಮೇಲೆ. ಎಷ್ಟೋ ಸಲ ಕೇಳುವುದೇ ಇಲ್ಲ. ಚೆನ್ನಾಗಿದ್ದಾಗಲೇ ಕೇಳದಿದ್ದವರ ಇಷ್ಟ ಏನೆಂದು ವೆಂಟಿಲೇಟರ್ ಹಾಕಿದ ಮೇಲೆ ಹುಡುಕಿದರೆ ಎಲ್ಲಿ ಸಿಗುತ್ತದೆ?

ನಾಲ್ಕು ತತ್ವಗಳು, ಒಂದು ಮಂಚ

ವೈದ್ಯಕೀಯ ನೀತಿ ಅಂದ ಕೂಡಲೇ ನರ್ಸಿಂಗ್ ಮತ್ತು ಎಂಬಿಬಿಎಸ್ ವಿದ್ಯಾರ್ಥಿಗಳು ಗಡಗಡ ಒಪ್ಪಿಸುವ ನಾಲ್ಕು ತತ್ವಗಳಿವೆ. ರೋಗಿಯ ಸ್ವಂತ ತೀರ್ಮಾನವನ್ನು ಗೌರವಿಸು, ಒಳ್ಳೆಯದು ಮಾಡು, ಕೆಟ್ಟದ್ದು ಮಾಡಬೇಡ, ನ್ಯಾಯವಾಗಿ ಹಂಚು. ಅಮೆರಿಕದ ಟಾಮ್ ಬೋಚಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ 1979ರಲ್ಲಿ ಈ ಚೌಕಟ್ಟು ಕೊಟ್ಟರು. ಪರೀಕ್ಷೆಗೆ ಒಂದು ರಾತ್ರಿ ಸಾಕು. ವಾರ್ಡಿನಲ್ಲಿ ಮಾತ್ರ ಇವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಯಾವುದು ಮೇಲು ಅಂತ ಆ ಚೌಕಟ್ಟು ಹೇಳುವುದಿಲ್ಲ. ಬೇಕೆಂದೇ ಹೇಳುವುದಿಲ್ಲ.

ಇದರ ಹಿಂದೆ ತತ್ವಶಾಸ್ತ್ರದ ಹಳೆಯ ಜಗಳಗಳಿವೆ. ಒಟ್ಟಾರೆ ಜಾಸ್ತಿ ಜನಕ್ಕೆ ಜಾಸ್ತಿ ಒಳ್ಳೆಯದಾಗುವುದೇ ಸರಿ ಅಂದವರು ಬೆಂಥಮ್ ಮತ್ತು ಮಿಲ್. ಫಲ ಏನೇ ಇರಲಿ, ಮನುಷ್ಯನನ್ನು ಇನ್ನೊಂದು ಕೆಲಸಕ್ಕೆ ಬರೀ ಸಾಧನವಾಗಿ ಬಳಸಬಾರದು ಅಂದವನು ಕಾಂಟ್. 1982ರಲ್ಲಿ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇನ್ನೊಂದು ದಾರಿ ತೋರಿಸಿದರು. ನೀತಿ ಅಂದರೆ ಒಂಟಿ ಮನುಷ್ಯರ ಹಕ್ಕುಗಳ ಪಟ್ಟಿ ಮಾತ್ರ ಅಲ್ಲ, ಒಬ್ಬರನ್ನೊಬ್ಬರು ನೋಡಿಕೊಳ್ಳುವ ಸಂಬಂಧದಿಂದಲೂ ಅದು ಹುಟ್ಟುತ್ತದೆ ಎಂದು. ಒಕ್ಕ (ಕುಲ), ಐನ್‌ಮನೆ (ಕುಲದ ಮೂಲಮನೆ), ಪಟ್ಟೆದಾರ (ಕುಲದ ಹಿರಿಯ) ಅಂತ ಬೆಳೆದ ಜಾಗದಲ್ಲಿ ಈ ಮೂರನೆಯ ಮಾತು ಬೇಗ ಅರ್ಥವಾಗುತ್ತದೆ. ಅಪಾಯ ಇರುವುದೂ ಅಲ್ಲೇ. ‘ನಮ್ಮಲ್ಲಿ ಕುಟುಂಬವೇ ತೀರ್ಮಾನ ಮಾಡುವುದು’ ಅನ್ನುವ ಒಂದೇ ಮಾತಿನಿಂದ ರೋಗಿಯ ಬಾಯಿ ಮುಚ್ಚಿಸಿಬಿಡಬಹುದು.

‘ಅಪ್ಪನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ’

ಬಯಾಪ್ಸಿ ವರದಿ ಬರುತ್ತದೆ. ಕ್ಯಾನ್ಸರ್. ಬೆಂಗಳೂರಿನಿಂದ ಬಂದ ಮಗ ಡಾಕ್ಟರ ಕೋಣೆಗೆ ಒಬ್ಬನೇ ನುಗ್ಗಿ ಹೇಳುತ್ತಾನೆ: ಅಪ್ಪನಿಗೆ ಗೊತ್ತಾಗಬಾರದು, ಎದೆ ಒಡೆದುಕೊಳ್ಳುತ್ತಾರೆ. ಇದನ್ನು ಕೇಳದ ವೈದ್ಯರು ಜಿಲ್ಲೆಯಲ್ಲಿ ಯಾರೂ ಇರಲಾರರು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿರುತ್ತಾರೆ. ಹೆಚ್ಚಿನವರಿಗೆ ವಿಷಯ ಗೊತ್ತಾಗಿಯೇ ಇರುತ್ತದೆ. ಮಗನ ಮುಖ ನೋಡಿದರೆ ಸಾಲದಾ? ಗೊತ್ತಿಲ್ಲದ ಹಾಗೆ ಇಬ್ಬರೂ ನಟಿಸುತ್ತಾರೆ.

ಇಂಥ ಮಗನನ್ನು ಕೆಟ್ಟವನು ಅನ್ನುವುದು ಸುಲಭ. ಅವನದು ಪ್ರೀತಿ, ಅದರಲ್ಲಿ ಅನುಮಾನ ಬೇಡ. ಪ್ರೀತಿಗೆ ಹಳೆಯ ಬೆಂಬಲವೂ ಇದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ಕೊಡುವ ಉಪದೇಶವಿದೆ. ರೋಗಿಯ ಮನೆಯ ಸಮಾಚಾರವನ್ನು ಹೊರಗೆ ಹೇಳಬೇಡ ಅನ್ನುತ್ತದೆ. ಅದರ ಬೆನ್ನಿಗೇ, ರೋಗಿಯ ಆಯುಸ್ಸು ತೀರುತ್ತಿದೆ ಎಂದು ತಿಳಿದಿದ್ದರೂ, ಹೇಳಿದರೆ ಅವನಿಗೋ ಬೇರೆಯವರಿಗೋ ಪೆಟ್ಟಾಗುವ ಕಡೆ ಅದನ್ನು ಹೇಳಬಾರದು ಅನ್ನುತ್ತದೆ. ಇದನ್ನೇ ಹಿಡಿದು ‘ನೋಡಿ, ನಮ್ಮ ಪರಂಪರೆಯಲ್ಲಿ ಮುಚ್ಚಿಡುವುದೇ ಧರ್ಮ’ ಅನ್ನುವವರಿದ್ದಾರೆ. ನಾನು ಓದಿದ ಹಾಗೆ ಅಲ್ಲಿ ಸುಳ್ಳು ಹೇಳು ಅಂತ ಇಲ್ಲ. ಎಲ್ಲಿ, ಯಾವ ಹೊತ್ತಿನಲ್ಲಿ ಹೇಳಿದರೆ ಪೆಟ್ಟಾಗುತ್ತದೆ ಅಂತ ನೋಡಿಕೊಂಡು ಬಾಯಿ ಬಿಡು ಅಂತ ಇದೆ. ವಾರ್ಡಿನಲ್ಲಿ ಹತ್ತು ಜನರ ಎದುರು ನಿಂತು ‘ನಿಮ್ದು ನಾಲ್ಕನೇ ಸ್ಟೇಜು’ ಅನ್ನುವ ಡಾಕ್ಟರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಮುಚ್ಚಿಡುವುದರ ಬೆಲೆ ಏನು? ಕೊಡಗಿನಲ್ಲಿ ಅದನ್ನು ತೀರಾ ಲೌಕಿಕವಾಗಿಯೇ ನೋಡಬಹುದು. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಅಣ್ಣ ತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರು ಎಂದು ಹತ್ತಾರು ಹೆಸರು. ಯಾರಿಗೆ ಯಾವ ತೋಟ ಅನ್ನುವುದು ಎಷ್ಟೋ ಕಡೆ ಹಿರಿಯರ ಬಾಯಿಮಾತಿನಲ್ಲಿದೆ. ತನಗೆ ಉಳಿದಿರುವುದು ಕೆಲವೇ ತಿಂಗಳು ಎಂದು ಗೊತ್ತಿದ್ದಿದ್ದರೆ ಆ ಮನುಷ್ಯ ಅದನ್ನೆಲ್ಲ ಬಗೆಹರಿಸುತ್ತಿದ್ದರು. ಮುನಿಸಿಕೊಂಡ ತಂಗಿಯ ಮನೆಗೆ ಹೋಗಿಬರುತ್ತಿದ್ದರು. ಮೂರನೇ ಕೀಮೋ ಬೇಡ, ಪುತ್ತರಿ ಹಬ್ಬಕ್ಕೆ ಮನೆಯಲ್ಲಿರುತ್ತೇನೆ ಅನ್ನುತ್ತಿದ್ದರೋ ಏನೋ. ಆ ಆಯ್ಕೆಯನ್ನು ನಾವು ಕಿತ್ತುಕೊಂಡಿರುತ್ತೇವೆ.

ಕಾನೂನಿಗೆ ಈ ವಿಷಯದಲ್ಲಿ ಅನುಮಾನ ಇಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ಕೊಟ್ಟಿತು. 44 ವರ್ಷದ ಮಹಿಳೆ ಒಪ್ಪಿದ್ದು ಮುಖ್ಯವಾಗಿ ಒಂದು ತಪಾಸಣೆಗೆ. ಅರಿವಳಿಕೆಯಲ್ಲಿ ಮಲಗಿದ್ದಾಗ ವೈದ್ಯರು ಹೊರಗಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ವೈದ್ಯರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ. ಎಚ್ಚರವಾದ ಮೇಲೆ ಅವರನ್ನೇ ಕೇಳಬಹುದಿತ್ತು, ತಾಯಿಯ ಒಪ್ಪಿಗೆ ಅವರ ಒಪ್ಪಿಗೆ ಆಗಲಾರದು ಎಂದು ಕೋರ್ಟ್ ಹೇಳಿತು. ಹೆತ್ತ ತಾಯಿಯ ಸಹಿಯೇ ನಡೆಯದು ಅಂದ ಮೇಲೆ ಬಾವನ ಸಹಿ, ಮಾವನ ಸಹಿ ಎಲ್ಲಿ ನಡೆಯುತ್ತದೆ?

ಆದರೆ ಕಾನೂನಿಗೆ ಹೆದರಿ ವರದಿಯನ್ನು ರೋಗಿಯ ಮುಖಕ್ಕೆ ಎಸೆದರೂ ನೀತಿ ಆಗುವುದಿಲ್ಲ. ನೋವು ಶಮನ ಚಿಕಿತ್ಸೆಯಲ್ಲಿ ಪಳಗಿದವರು ಮೊದಲು ಕೇಳುವುದೇ ಬೇರೆ: ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತೆ?’ ಕೆಲವರು ಎಲ್ಲಾ ಹೇಳಿ ಅನ್ನುತ್ತಾರೆ. ಕೆಲವರು, ನನಗೇನೂ ಬೇಡ, ಮಗನ ಹತ್ತಿರ ಮಾತಾಡಿ ಅನ್ನುತ್ತಾರೆ. ಎರಡನೆಯದೂ ರೋಗಿಯ ಸ್ವಂತ ತೀರ್ಮಾನವೇ. ಮಗನಿಗೆ ಅಧಿಕಾರ ಅಪ್ಪನಿಂದ ಬಂತಾ, ಅವನೇ ತೆಗೆದುಕೊಂಡನಾ ಅನ್ನುವುದರಲ್ಲಿ ಎಲ್ಲಾ ವ್ಯತ್ಯಾಸ ಇದೆ. ಗಿಲಿಗನ್ ಹೇಳಿದ ಸಂಬಂಧದ ನೀತಿಗೂ ಕಾಂಟ್ ಹೇಳಿದ ಗೌರವಕ್ಕೂ ಇಲ್ಲಿ ಜಗಳವೇ ಇಲ್ಲ. ಒಂದು ಪ್ರಶ್ನೆ ಕೇಳುವಷ್ಟು ಪುರುಸೊತ್ತು ಬೇಕು, ಅಷ್ಟೇ. ಹೊರರೋಗಿ ವಿಭಾಗದ ಮುಂದಿನ ಸಾಲು ನೋಡಿದವರಿಗೆ ‘ಅಷ್ಟೇ’ ಅಂದರೆ ಎಷ್ಟು ಅಂತ ಗೊತ್ತು.

ರೈಟರ್ ಜೊತೆಯಲ್ಲಿ ಬಂದ ಕಾರ್ಮಿಕ

ಮಗ, ಮಗಳು, ಬಾವ ಇವರೆಲ್ಲ ಸಂಬಂಧಿಕರಾದರು. ಲೈನ್ ಮನೆಯ ಕಾರ್ಮಿಕನ ‘ಕಡೆಯವರು’ ಯಾರು? ಎಷ್ಟೋ ಸಲ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು. ಕೆಲವೊಮ್ಮೆ ಜೀಪಿನಲ್ಲಿ ಕೂರಿಸಿಕೊಂಡು ಬಂದ ಸಾಹುಕಾರರೇ. ದುಡ್ಡು ಕೊಡುವವರು ಅವರು, ಭಾಷೆ ಬರುವುದೂ ಅವರಿಗೆ. ಡಾಕ್ಟರು ಸಹಜವಾಗಿಯೇ ಅವರತ್ತ ತಿರುಗಿ ‘ಇವನಿಗೆ ಟಿಬಿ ಇರೋ ಹಾಗಿದೆ’ ಅಂತಾರೆ. ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ. ಆದರೆ ಆ ಒಂದು ವಾಕ್ಯದಿಂದ ಆ ಮನುಷ್ಯನ ಕೆಲಸ ಹೋಗಬಹುದು. ಕೆಲಸದ ಜೊತೆಗೇ ಮನೆಯೂ ಹೋಗುತ್ತದೆ, ಲೈನ್ ಮನೆ ಇರುವುದು ಕೆಲಸದ ಲೆಕ್ಕದಲ್ಲಿ ತಾನೇ.

ಕಾರ್ಮಿಕರ ಚಿಕಿತ್ಸೆಯ ಹೊಣೆಯನ್ನು ಮಾಲೀಕರ ಮೇಲೆ ಹಾಕಿದ್ದು 1951ರ ತೋಟ ಕಾರ್ಮಿಕರ ಕಾಯ್ದೆ. ಅದೂ 5 ಹೆಕ್ಟೇರ್ ಅಥವಾ 15 ಕಾರ್ಮಿಕರಿಗಿಂತ ಕಡಿಮೆ ಇರುವ ತೋಟಗಳಿಗೆ ಅನ್ವಯಿಸುತ್ತಿರಲಿಲ್ಲ. ಕೊಡಗಿನ ಸಣ್ಣ ತೋಟಗಳೆಲ್ಲ ಅದರ ಹೊರಗೇ ಉಳಿದವು. ಅಲ್ಲಿ ಕಾರ್ಮಿಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಮಾಲೀಕರ ಒಳ್ಳೆಯತನ. ಒಳ್ಳೆಯತನ ತೋರಿಸುವ ಮಾಲೀಕರು ಬೇಕಾದಷ್ಟು ಜನ ಇದ್ದಾರೆ. ಹಾಗಂತ ಬಿಲ್ ಕಟ್ಟಿದವರಿಗೆ ವರದಿಯನ್ನೂ ಓದುವ ಹಕ್ಕು ಬರುವುದಿಲ್ಲ. ವೈದ್ಯರು ‘ಸ್ವಲ್ಪ ಹೊರಗೆ ಇರಿ’ ಅನ್ನಬೇಕು. ಸಣ್ಣ ಊರಿನಲ್ಲಿ ಇದನ್ನು ಅನ್ನುವುದಕ್ಕೆ ಧೈರ್ಯ ಬೇಕು, ನಾಳೆ ಕ್ಲಬ್ಬಿನಲ್ಲೋ ಮದುವೆಯಲ್ಲೋ ಅದೇ ಸಾಹುಕಾರರ ಪಕ್ಕದಲ್ಲಿ ಊಟಕ್ಕೆ ಕೂರಬೇಕಲ್ಲ. ಈಗ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ಅವರ ಮಾತನ್ನು ಕನ್ನಡಕ್ಕೆ ತರುವವನು ಮೇಸ್ತ್ರಿ. ಅವನು ಏನನ್ನು ಬಿಟ್ಟ, ಏನನ್ನು ಸೇರಿಸಿದ, ಯಾರಿಗೆ ಗೊತ್ತು.

ಗುಟ್ಟು ಒಡೆದರೆ ಏನಾಗುತ್ತದೆ ಎಂದು ಇಡೀ ರಾಜ್ಯ 2020ರ ಮಾರ್ಚ್‌ನಲ್ಲಿ ನೋಡಿತು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು, ಆಮೇಲೆ ಆ ಪಟ್ಟಿಗಳು ವಾಟ್ಸಾಪ್‌ನಲ್ಲಿ ಓಡಾಡಿದವು. ಹೆಚ್ಚು ಜನರ ಒಳಿತಿಗಾಗಿ ಅನ್ನುವ ಮಿಲ್‌ನ ವಾದ ಅದರ ಹಿಂದಿತ್ತು. ಆದರೆ ಅವಮಾನಕ್ಕೆ ಹೆದರಿದ ಜನ ಜ್ವರ ಬಂದದ್ದನ್ನೇ ಮುಚ್ಚಿಟ್ಟರೆ ಹೆಚ್ಚು ಜನಕ್ಕೆ ಒಳಿತೂ ಆಗುವುದಿಲ್ಲ. ಮನೆಮನೆಗೂ ಮನೆಹೆಸರಿನಿಂದ ಗುರುತಿರುವ ಜಿಲ್ಲೆಯಲ್ಲಿ ಹೆಸರು ಅಳಿಸಿ ವಿಳಾಸ ಉಳಿಸಿದರೆ ಏನೂ ಅಳಿಸಿದ ಹಾಗಲ್ಲ.

ಇದೇ ಪ್ರಶ್ನೆ ಇವತ್ತು ಆದಿವಾಸಿಗಳ ಹಾಡಿಗಳಲ್ಲಿ ಇದೆ. ಕುಡುಗೋಲು ರಕ್ತಕಣ ರೋಗ, ಅಂದರೆ ಸಿಕಲ್ ಸೆಲ್, ಆದಿವಾಸಿ ಸಮುದಾಯಗಳಲ್ಲಿ ಜಾಸ್ತಿ ಕಾಣುತ್ತದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದರ ನಿರ್ಮೂಲನಕ್ಕೆ ಒಂದು ರಾಷ್ಟ್ರೀಯ ಯೋಜನೆ ಶುರು ಮಾಡಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ತಂದೆ ತಾಯಿ ಇಬ್ಬರೂ ರೋಗವಾಹಕರಾಗಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ 25 ಶೇಕಡ. ಹಾಗಾಗಿ ತಪಾಸಣೆ ಆದವರಿಗೆ ಕಾರ್ಡ್ ಕೊಟ್ಟು, ಮದುವೆಗೆ ಮುಂಚೆ ಹೊಂದಿಸಿ ನೋಡಿ ಅನ್ನುತ್ತಾರೆ. ರೋಗಿಗಳಿಗೆ ಬೇಗ ಚಿಕಿತ್ಸೆ ಸಿಗುತ್ತದೆ, ಅದು ದೊಡ್ಡ ಲಾಭ. ರೋಗವಾಹಕರ ವಿಷಯ ಹಾಗಲ್ಲ. ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಕಾರ್ಡಿನಿಂದ ಅವರಿಗೆ ಸಿಗುವುದು ಹೆಚ್ಚಾಗಿ ಒಂದು ಹಣೆಪಟ್ಟಿ.

ಆಶ್ರಮ ಶಾಲೆಯಲ್ಲಿರುವ ಎರವ ಸಮುದಾಯದ ಹುಡುಗಿಯೊಬ್ಬಳ ಬೆರಳು ಚುಚ್ಚುವ ಮುಂಚೆ ಒಪ್ಪಿಗೆ ಕೊಡಬೇಕಾದವರು ಯಾರು? ಮುಖ್ಯೋಪಾಧ್ಯಾಯರಾ, ಕಾಫಿ ಕೊಯ್ಲಿಗೆ ಹೋದ ಅಪ್ಪ ಅಮ್ಮನಾ? ಅವಳಿಗೆ ಹದಿನೈದು ವರ್ಷವಾಗಿದ್ದರೆ ಅವಳನ್ನೂ ಕೇಳಬೇಕಲ್ವಾ? ಫಲಿತಾಂಶವನ್ನು ಯಾವ ಭಾಷೆಯಲ್ಲಿ ಹೇಳುತ್ತೀರಿ? ನಾಳೆ ಮದುವೆ ಮಾತುಕತೆಯಲ್ಲಿ ‘ಕಾರ್ಡ್ ತೋರಿಸಿ’ ಅನ್ನುವುದು ಹುಡುಗಿಯ ಕಡೆಗೇ ಹೆಚ್ಚು ಬರುತ್ತದೆ ಎಂದು ಊಹಿಸಲು ದೊಡ್ಡ ಸಂಶೋಧನೆ ಬೇಕಿಲ್ಲ. ತಪಾಸಣೆ ಬೇಡ ಅನ್ನುತ್ತಿಲ್ಲ ನಾನು. ಎಷ್ಟು ಜನರ ರಕ್ತ ತೆಗೆದೆವು ಅನ್ನುವ ಲೆಕ್ಕ ಮೇಲಧಿಕಾರಿಗೆ ಹೋಗುತ್ತದೆ. ಎಷ್ಟು ಜನಕ್ಕೆ ಅರ್ಥವಾಗುವ ಹಾಗೆ ಹೇಳಿದೆವು ಅನ್ನುವುದಕ್ಕೂ ಒಂದು ಲೆಕ್ಕ ಬೇಕು.

ಮನೆಯಲ್ಲಿ ಕೋವಿ ಇದ್ದರೆ

ಗುಟ್ಟು ಕಾಪಾಡುವುದಕ್ಕೆ ಒಂದು ಮಿತಿ ಇದೆ. ಆ ಮಿತಿ ಎಲ್ಲಿ ಎಂದು ಕೊಡಗಿನಲ್ಲಿ ಕೇಳುವುದು ಬೇರೆ ಕಡೆ ಕೇಳಿದಂತಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಪೂಜೆ ಮಾಡುವ ಕೋವಿ ಮನೆಯ ಗೌರವ, ಅದರ ಬಗ್ಗೆ ಇಲ್ಲಿ ತಕರಾರಿಲ್ಲ. ಪ್ರಶ್ನೆ ವೈದ್ಯರದು. ಬೆಲೆ ಕುಸಿದ ವರ್ಷ, ಸಾಲ, ಕುಡಿತ ಎಲ್ಲಾ ಸೇರಿ ಮನಸ್ಸು ಮುರಿದ ಒಬ್ಬರು ಕ್ಲಿನಿಕ್‌ಗೆ ಬಂದು ಬದುಕುವ ಆಸೆಯಿಲ್ಲ ಅನ್ನುತ್ತಾರೆ. ಮನೆಯವರಿಗೆ ಹೇಳಬೇಡಿ ಅಂತಲೂ ಅನ್ನುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗುಟ್ಟನ್ನು ಕಾಯುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಅದನ್ನು ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೇಳಲು ಬಿಡುತ್ತದೆ. ‘ಬೇಕಾದಷ್ಟನ್ನು ಮಾತ್ರ’ ಅನ್ನುವುದು ಇಲ್ಲಿ ಮುಖ್ಯ. ಸಾಲದ ಕಥೆ, ಕುಡಿತದ ಕಥೆ ಹೆಂಡತಿಗೆ ಹೇಳಬೇಕಾಗಿಲ್ಲ. ಕೋವಿಯನ್ನು ಕೆಲವು ವಾರ ಅಣ್ಣನ ಮನೆಯಲ್ಲಿ ಇಡಿ ಎಂದರೆ ಸಾಕು. ಆದರೂ ಮೊದಲು ರೋಗಿಯನ್ನೇ ಕೇಳಿ ನೋಡಬೇಕು: ‘ಸ್ವಲ್ಪ ದಿನ ಕೋವಿ ಬೇರೆ ಕಡೆ ಇಡೋಣವಾ?’ ಇದಕ್ಕೆ ಒಪ್ಪುವವರು ಇರುತ್ತಾರೆ, ಕೇಳುವವರು ಕಡಿಮೆ.

ಮೈಸೂರಿಗೆ ಕರ್ಕೊಂಡು ಹೋಗಿ

ಇಷ್ಟೆಲ್ಲ ರೋಗಿಯ ಆಯ್ಕೆ ಬಗ್ಗೆ ಮಾತಾಡಿದೆ. ಆಯ್ಕೆ ಇರಬೇಕಾದರೆ ಆಯ್ದುಕೊಳ್ಳಲು ಏನಾದರೂ ಇರಬೇಕು. 4,102 ಚದರ ಕಿಲೋಮೀಟರ್ ಬೆಟ್ಟಗುಡ್ಡದಲ್ಲಿ, 2011ರ ಜನಗಣತಿ ಪ್ರಕಾರ, 5,54,519 ಜನ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಹೋಗಬೇಕಾದರೆ ಘಾಟಿ ಇಳಿಯಬೇಕು, 2018ರ ಆಗಸ್ಟ್‌ನಲ್ಲಿ ಆ ಘಾಟಿ ರಸ್ತೆಯೇ ಕುಸಿದಿತ್ತು. ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ತುರ್ತು ಚಿಕಿತ್ಸೆಗೆ ಸುಸಜ್ಜಿತ ಆಸ್ಪತ್ರೆ ಬೇಕು ಎಂದು 2019ರಲ್ಲಿ ಜಿಲ್ಲೆಯ ಯುವಕರು ಟ್ವಿಟರ್‌ನಲ್ಲಿ ದೊಡ್ಡ ಅಭಿಯಾನವನ್ನೇ ಮಾಡಬೇಕಾಯಿತು. ನಾಲ್ಕನೇ ತತ್ವ ನ್ಯಾಯ ಅಂದರೆ ಇದೇ. ಹೃದಯಾಘಾತವಾದವರಿಗೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲವೆಂದರೆ, ಅಡ್ಡಿ ಇಲ್ಲದವರಿಗೆ ರಕ್ತದ ಗಡ್ಡೆ ಕರಗಿಸುವ ಮದ್ದನ್ನು ಅಲ್ಲೇ ಕೊಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯ ಸರ್ಕಾರ ಆ ಇಂಜೆಕ್ಷನ್ನನ್ನು ತಾಲೂಕು ಆಸ್ಪತ್ರೆಗಳಿಗೆ ತಂದಿತು. ನೀತಿಯ ಬಗ್ಗೆ ಒಂದೂ ಭಾಷಣ ಮಾಡದೆ ನೀತಿಯ ಕೆಲಸ ಆದದ್ದಕ್ಕೆ ಇದು ಒಳ್ಳೆಯ ಉದಾಹರಣೆ.

ಉಳಿದದ್ದಕ್ಕೆಲ್ಲ ‘ಮೈಸೂರಿಗೆ ಕರ್ಕೊಂಡು ಹೋಗಿ’ ಅನ್ನುವ ಮಾತು. ತುರ್ತು ರೋಗಿಗೆ ಮೊದಲು ಜೀವ ಉಳಿಸುವ ನೆರವು ಕೊಡಲೇಬೇಕು, ಸರ್ಕಾರಿ ಇರಲಿ ಖಾಸಗಿ ಇರಲಿ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ರೆಫರ್ ಮಾಡುವುದು ಆಮೇಲೆ. ಆದರೆ ಎಲ್ಲರನ್ನೂ ರೆಫರ್ ಮಾಡುವುದು ನೀತಿಯೂ ಅಲ್ಲ. ಕ್ಯಾನ್ಸರ್ ಎಲ್ಲೆಡೆ ಹರಡಿದ 82ರ ಅಜ್ಜಿಗೆ ಉಸಿರು ಕಟ್ಟಿದರೆ, ಆಂಬುಲೆನ್ಸ್‌ನಲ್ಲಿ ಮೂರು ಗಂಟೆ ಅಲುಗಾಡಿಸಿ ಐಸಿಯುಗೆ ಸೇರಿಸುವುದು ಯಾರಿಗೆ ಒಳ್ಳೆಯದು? ಕೊನೆಗೆ ದುಡ್ಡು ಮುಗಿದು, ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ’ ಎಂದು ಬರೆದುಕೊಟ್ಟು ವಾಪಸ್ ತರುತ್ತಾರೆ. ನಮ್ಮಲ್ಲಿ ಚಿಕಿತ್ಸೆ ನಿಲ್ಲಿಸುವುದು ಬಹುಪಾಲು ಈ ಕಾಗದದ ಮೂಲಕವೇ, ಎರಡು ಮಂಡಳಿಗಳ ಮೂಲಕ ಅಲ್ಲ. ಈ ಕಾಗದದಿಂದ ಆಸ್ಪತ್ರೆ ಕೈತೊಳೆದುಕೊಳ್ಳುತ್ತದೆ. ಮನೆಗೆ ಬಂದ ಅಜ್ಜಿಗೆ ಆಕ್ಸಿಜನ್ ಇಲ್ಲ, ನೋವಿಗೆ ಮಾರ್ಫಿನ್ ಇಲ್ಲ. ಮಾರ್ಫಿನ್ ಸಿಗುವುದು ಸುಲಭವಾಗಲಿ ಎಂದು ಮಾದಕ ವಸ್ತುಗಳ ಕಾಯ್ದೆಯನ್ನು 2014ರಲ್ಲಿ ತಿದ್ದಿದ್ದರೂ ಹಳ್ಳಿ ಮನೆಯವರೆಗೆ ಅದು ತಲುಪಿದ್ದು ಕಡಿಮೆ.

ರೆಫರಲ್ ಚೀಟಿಯಲ್ಲಿ ಬಿಪಿ ಇರುತ್ತದೆ, ನಾಡಿ ಇರುತ್ತದೆ, ಕೊಟ್ಟ ಇಂಜೆಕ್ಷನ್ ಹೆಸರು ಇರುತ್ತದೆ. ರೋಗಿಗೆ ಏನು ತಿಳಿಸಿದ್ದೇವೆ, ಅವರು ಏನು ಬೇಕು ಅಂದರು, ಏನು ಬೇಡ ಅಂದರು ಅನ್ನುವುದಕ್ಕೆ ಜಾಗ ಇರುವುದಿಲ್ಲ. ಎರಡು ಸಾಲು ಸೇರಿಸುವುದಕ್ಕೆ ಕೋರ್ಟ್ ಬೇಡ, ಬಜೆಟ್ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಯ ಒಂದು ಪತ್ರ ಸಾಕು. ರಾತ್ರಿ ಮೂರು ಗಂಟೆಗೆ ಮೈಸೂರಿನ ಐಸಿಯುನಲ್ಲಿ ಆ ಅಜ್ಜಿಯನ್ನು ಮೊದಲ ಸಲ ನೋಡುವ ಕಿರಿಯ ವೈದ್ಯರಿಗೆ ಗಂಟಲಿಗೆ ಕೊಳವೆ ಹಾಕುವ ಮುಂಚೆ ಓದಲು ಅಷ್ಟಾದರೂ ಇರುತ್ತದೆ.